ಸಾಹುಕಾರನ ಮೂಲೆ

ಬೆರಳುದ್ದದ ಒಂದು ಮೀನಿನ ಮೇಲೆ ನನಗೆ ಇಷ್ಟು ಸಿಟ್ಟು ಬರಬಹುದೆಂದು ನಾನು ಎಂದೂ ಎಣಿಸಿರಲಿಲ್ಲ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಸಿಂದಗಿಯಲ್ಲಿ ಹುಡುಗರಿಗೆ ಅಧಿಕಾರ ಮತ್ತು ಹೊಣೆಗಾರಿಕೆಯ ಪಾಠ ಹೇಳುವವನು ನಾನು. ನನ್ನ ಸಿಟ್ಟಿಗೆ ಯೋಗ್ಯವಾದ ಗುರಿಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಆದರೂ ಮಹಾನವಮಿಯ ಮುಂಚಿನ ದಿನಗಳಲ್ಲಿ ಆ ಸಿಟ್ಟೆಲ್ಲ ಒಂದು ಗಾಜಿನ ಪೆಟ್ಟಿಗೆಯ ಎಡಮೂಲೆಗೆ ಮೀಸಲಾಗಿಬಿಟ್ಟಿತ್ತು.

ಪೆಟ್ಟಿಗೆ ಬಂದದ್ದು ಹೆಂಡತಿ ಸರೋಜಿನಿಯ ಹಟದಿಂದ. ಸೊಲ್ಲಾಪುರದಲ್ಲಿ ಕೊಂಡು, ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೂ ಮೀನಿನ ಡಬ್ಬಿಯನ್ನು ಅವಳ ತೊಡೆಯ ಮೇಲೂ ಇಟ್ಟುಕೊಂಡು ಇಂಡಿ ಸ್ಟೇಶನ್ನಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಊರು ಸೇರಿದೆವು. ಡಬ್ಬಿಯಲ್ಲಿದ್ದವು ಕೆಲವು ಕರಿ ಮೋಲಿಗಳು, ಜೊತೆಗೊಂದು ನೀಲಿ ಗೌರಾಮಿ. "ಎಲ್ಲಾ ಕೂಡಿ ಇರತಾವ್ರಿ, ಭಾಳ ಸಾದಾ ಮೀನ" ಎಂದು ಅಂಗಡಿಯವನು ಭರವಸೆ ಕೊಟ್ಟಿದ್ದ. ಭರವಸೆ ಕೊಟ್ಟವರನ್ನು ಮುಂದೆ ಎಲ್ಲಿ ಹಿಡಿದು ಕೇಳಬೇಕೆಂಬುದು ನಮ್ಮ ಪ್ರಜಾಪ್ರಭುತ್ವ ಇನ್ನೂ ಬಿಡಿಸದ ಸಮಸ್ಯೆ.

ಪಡಸಾಲೆಯಲ್ಲಿ, ನನ್ನ ಬೆತ್ತದ ಕುರ್ಚಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಪೆಟ್ಟಿಗೆಯನ್ನಿಟ್ಟೆವು. ನೀರು, ಮರಳು, ಹಳ್ಳದಿಂದ ತಂದ ಕಲ್ಲುಗಳು, ಮೇಲೆ ತೇಲುವ ಒಂದಿಷ್ಟು ಪಾಚಿಬಳ್ಳಿ. ಮೇಲುಕೀಳಿಲ್ಲದ ಒಂದು ಪುಟ್ಟ ಗಣರಾಜ್ಯವನ್ನು ಸ್ಥಾಪಿಸಿದೆನೆಂಬ ಹೆಮ್ಮೆ ನನಗೆ. ವಾರ ಕಳೆಯುವುದರೊಳಗೆ ನೀಲಿ ಮೀನು ಎಡಮೂಲೆಯ ಎರಡು ಕಲ್ಲುಗಳ ನಡುವೆ ಠಾಣೆ ಹೂಡಿತು. ನಾವು ಹಾಕುವ ಮೀನಿನ ಕಾಳು ಬೀಳುವುದು ಆ ಮೂಲೆಯಲ್ಲೇ. ಮೋಲಿಗಳು ಹತ್ತಿರ ಸುಳಿದರೆ ಬಾಣದಂತೆ ಬಂದು ಬಾಲ ಕಚ್ಚುತ್ತಿತ್ತು. ಅವ್ವ ಒಂದು ದಿನ ನೋಡಿದವಳೇ, "ನಮ್ಮ ತವರೂರಾಗ ಒಬ್ಬ ಸಾವಕಾರ ಇದ್ದ. ಹಿಂಗs ಕಟ್ಟಿ ಮ್ಯಾಲ ಕುಂತು ಬಂದವರನ್ನೆಲ್ಲಾ ಎಬ್ಬಸ್ತಿದ್ದ" ಎಂದಳು. ಅಂದಿನಿಂದ ಮೀನಿಗೆ ಅದೇ ಹೆಸರು ನಿಂತಿತು.

ಸ್ವತ್ತು ಎಂಬುದು ಹೇಗೆ ಹುಟ್ಟಿತೆಂದು ತತ್ತ್ವಜ್ಞಾನಿಗಳು ದಪ್ಪ ದಪ್ಪ ಗ್ರಂಥಗಳನ್ನು ಬರೆದಿದ್ದಾರೆ. ಅವರಲ್ಲಿ ಒಬ್ಬರಾದರೂ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ತಾಳಿಕೋಟೆಯ ಬಸ್ಸಿಗಾಗಿ ನಿಂತಿದ್ದರೆ ಅಷ್ಟು ಕಾಗದ ಉಳಿಯುತ್ತಿತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೊಂದು ಒಳಗೆ ಹಾರುತ್ತದೆ, ಸೀಟು ಟವೆಲ್ಲಿನವನದಾಗುತ್ತದೆ. ಒಮ್ಮೆ ನಾನು ಅಂಥ ಸೀಟಿನಲ್ಲಿ ಕುಳಿತೇಬಿಟ್ಟೆ.

"ಟವೆಲ್ ಹಾಕೇನಿ, ಕಾಣಂಗಿಲ್ಲೇನ್ರಿ?" ಎಂದ ಟವೆಲ್ಲಿನ ಧಣಿ.

"ಟವೆಲ್ಲಿಗೆ ಟಿಕೀಟ ತಗಸೀರೇನು?" ಎಂದೆ ನಾನು.

ಬಸ್ಸಿನವರೆಲ್ಲ ನಕ್ಕರು, ನನ್ನ ವಾದವನ್ನು ಮೆಚ್ಚಿದರು, ಆಮೇಲೆ ನನ್ನನ್ನೇ ಎಬ್ಬಿಸಿದರು. ತಾಳಿಕೋಟೆಯವರೆಗೆ ನಿಂತು ಬಂದ ಆ ಅವಮಾನವೇ ಈಗ ಮೀನಿನ ರೂಪದಲ್ಲಿ ಎದುರಿಗಿತ್ತು.

ವಿಷಯ ಗಂಭೀರವಾದದ್ದು ಮೋಲಿಗಳಲ್ಲೊಂದು ಗಬ್ಬವಾದಾಗ. ಮೋಲಿ ತತ್ತಿಯಿಡುವುದಿಲ್ಲ, ಮರಿಗಳನ್ನೇ ಹೆರುತ್ತದೆ. ಬಸುರಿಗೆ ನಿಲ್ಲಲು ನೆಲೆಯಿಲ್ಲದಂತೆ ಸಾಹುಕಾರ ಅದನ್ನು ಅಟ್ಟಾಡಿಸುತ್ತಿದ್ದ. ಅದರ ಬಾಲದ ಅಂಚು ಹರಿದಿತ್ತು. ಕಾಳಿಗೂ ಮೇಲೆ ಬಾರದಾಗಿತ್ತು.

"ಅಲ್ರಿ, ಬಸರಿಗೆ ಒಂದು ಕಡೆ ನಿಂದ್ರಾಕ ಬಿಡವಲ್ದು ನಿಮ್ಮ ಸಾವಕಾರ" ಎಂದಳು ಸರೋಜಿನಿ. "ಮಹಾನವಮಿತನಕ ನೋಡ್ತೇನಿ. ಸುಮ್ಮನಾಗಲಿಲ್ಲಂದ್ರ ಒಯ್ದು ಬಾವಿಗೆ ಒಗದು ಬರ್ತೇನಿ."

ಬಾವಿಯಲ್ಲಿ ಮೊಳದುದ್ದದ ಮೀನುಗಳಿದ್ದವು. ಆ ಗಡೀಪಾರಿನ ಅರ್ಥ ಮರಣದಂಡನೆಯೇ. ವಿಚಾರಣೆಯಿಲ್ಲದೆ ಯಾರನ್ನೂ ಶಿಕ್ಷಿಸಕೂಡದೆಂದು ತರಗತಿಯಲ್ಲಿ ಮೇಜು ಗುದ್ದಿ ಹೇಳುವವನು ಮನೆಯಲ್ಲಿ ಹೇಗೆ ಸುಮ್ಮನಿರಲಿ? ಸುಧಾರಣೆಗೆ ತೊಡಗಿದೆ. ಹೊಟ್ಟೆ ತುಂಬಿದರೆ ಜಗಳ ನಿಂತೀತೆಂದು ಕಾಳು ಹೆಚ್ಚಿಸಿದೆ. ಉಂಡ ಬಲದಿಂದ ಇನ್ನಷ್ಟು ವೇಗವಾಗಿ ಅಟ್ಟಿದ. ಕನ್ನಡಿ ಹಿಡಿದು ಅವನ ಮುಖವನ್ನು ಅವನಿಗೇ ತೋರಿಸಿದೆ. ಅದನ್ನೂ ಕಚ್ಚಲು ಹೋದ. ಕೊನೆಗೆ ಅಟ್ಟಿದಾಗಲೆಲ್ಲ ಗಾಜನ್ನು ಬಡಿದೆ. ಸದ್ದಿಗೆ ಮೋಲಿಗಳೆಲ್ಲ ಕಲ್ಲಿನಡಿ ಸೇರಿ, ಇಡೀ ಪೆಟ್ಟಿಗೆ ಅವನೊಬ್ಬನದಾಯಿತು. ಶಿಸ್ತಿನ ಹೆಸರಿನಲ್ಲಿ ಬಡಿಯುವ ಸದ್ದು ಯಾರನ್ನು ಹೆದರಿಸುತ್ತದೆ, ಯಾರನ್ನು ಬಿಡುತ್ತದೆ ಎಂಬುದನ್ನು ನನ್ನ ಎಂ.ಎ.ಗಿಂತ ಚೆನ್ನಾಗಿ ಆ ಗಾಜು ಕಲಿಸಿತು.

ಪಕ್ಕದ ಮನೆಯ ಹಸನಸಾಬ ಮಾಸ್ತರು ಸಂಜೆ ಚಹಾಕ್ಕೆ ಬರುವವರು. ಅಂದು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಬಂದು ಎದುರಿಗೆ ನಿಂತಾಗ ಎದ್ದು ಚಾಪೆಗೆ ಸರಿದರು.

"ಏನ್ ಪ್ರೊಫೆಸರ್ರ, ಸಾವಕಾರ್ರಿಗೆ ನೋಟೀಸ ಕೊಟ್ರೇನು?"

"ಕೊಡೋದ ಬಾಕಿ ಐತಿ ನೋಡ್ರಿ ಮಾಸ್ತರ" ಎಂದೆ, ಕುರ್ಚಿಯಲ್ಲಿ ಒರಗುತ್ತ.

"ನೀರಾಗ ಕೊಟ್ರ ತೊಯ್ತೈತ್ರಿ. ಬಾಯಿಲೆ ಹೇಳಿಬಿಡ್ರಿ!"

ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಈ ಹಬ್ಬಕ್ಕೆ ಮೊದಲು ಮನೆಯಲ್ಲಿನ ಒಂದು ಸೌಟೂ ತನ್ನ ಜಾಗದಲ್ಲಿ ಉಳಿಯುವಂತಿಲ್ಲ. ಕೌದಿಗಳು ಹಳ್ಳಕ್ಕೆ, ಪಾತ್ರೆಗಳು ಅಂಗಳಕ್ಕೆ, ಗೋಡೆಗಳಿಗೆ ಸುಣ್ಣ. ಅವ್ವನ ಕಣ್ಣು ಮೀನಿನ ಪೆಟ್ಟಿಗೆಯ ಮೇಲೂ ಬಿತ್ತು.

"ಯವ್ವಾ, ಅದೊಂದು ಬಿಡು" ಎಂದು ಬೇಡಿಕೊಂಡೆ.

"ಯಾಕ? ಹಬ್ಬ ಮನಿಗೆಲ್ಲಾ ಬರತೈತಿ, ಇದಕ್ಕೊಂದು ಬರೂದಿಲ್ಲೇನು? ಏಳ ಅತ್ತಾಗ!"

ಹಳೆಯ ನೀರಿನಲ್ಲಿ ಅರ್ಧವನ್ನಾದರೂ ಉಳಿಸು, ಕಲ್ಲಿಗೆ ಬೂದಿ ಹಚ್ಚಬೇಡ ಎಂಬೆರಡು ಕರಾರುಗಳಿಗೆ ಮಾತ್ರ ಒಪ್ಪಿದಳು. ಮೀನುಗಳೆಲ್ಲ ಒಂದೇ ಅಲ್ಯೂಮಿನಿಯಂ ಬೋಗುಣಿ ಸೇರಿದವು. ಅವ್ವ ಕಲ್ಲುಗಳನ್ನು ತೆಂಗಿನ ನಾರಿನಿಂದ ತಿಕ್ಕಿ, ತನಗೆ ಚೆಂದ ಕಂಡಂತೆ ಜೋಡಿಸಿದಳು: ಎಡದ ಕಲ್ಲುಗಳು ನಡುವೆ, ನಡುವಿನವು ಬಲಕ್ಕೆ, ಪಾಚಿಬಳ್ಳಿ ಎಡಮೂಲೆಯ ಮೇಲೆ.

ಮೀನುಗಳನ್ನು ಮರಳಿ ಬಿಟ್ಟಾಗ ಸಾಹುಕಾರ ನೇರ ಎಡಮೂಲೆಗೆ ಹೋದ. ಅಲ್ಲಿ ಕಲ್ಲಿರಲಿಲ್ಲ. ಬಲಕ್ಕೆ ಹೋಗಿ ಬಂದ, ನಡುವಿನ ಕಲ್ಲುಗಳನ್ನು ಮೂಸಿದ, ಮತ್ತೆ ಎಡಕ್ಕೆ ಬಂದ. ಸಂಜೆಯಾದರೂ ಅಲೆಯುತ್ತಲೇ ಇದ್ದ. ಬಸುರಿ ಮೋಲಿ ಪಕ್ಕದಲ್ಲೇ ಹಾದುಹೋಯಿತು, ಅಟ್ಟಲಿಲ್ಲ. ಯಾವುದು ತನ್ನದೆಂದು ತಿಳಿಯದವನು ಯಾರನ್ನು ಎಲ್ಲಿಂದ ಅಟ್ಟಬೇಕು? ಇಷ್ಟು ದಿನ ನಾನು ಮೀನನ್ನು ಪ್ರಶ್ನಿಸಿದ್ದೆ, ಕಲ್ಲುಗಳನ್ನು ಪ್ರಶ್ನಿಸಿರಲಿಲ್ಲ. ಹಾಗೆಂದು ಪ್ರಶ್ನಿಸುವುದನ್ನು ಬಿಡುತ್ತೇನೆಂದು ಯಾವ ಸಾಹುಕಾರನೂ ಸಮಾಧಾನಪಡಬೇಕಾಗಿಲ್ಲ. ಮುಂದಿನ ಸಲ ಒಂದು ಕೈಯಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಹಾರೆ ಹಿಡಿದು ಬರುತ್ತೇನೆ.

ಈ ಘನ ವಿಚಾರವನ್ನು ಬರೆದಿಡಬೇಕೆಂದು ಹಬ್ಬದ ದಿನ ಪಡಸಾಲೆಗೆ ಬಂದರೆ ಬೆತ್ತದ ಕುರ್ಚಿ ಅಲ್ಲಿರಲಿಲ್ಲ. ಕಿಟಕಿಯ ಹತ್ತಿರ ನೋಡಿದೆ, ಒಳಕೋಣೆ ಹೊಕ್ಕು ಬಂದೆ, ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತೆ. ಅವ್ವ ಅದನ್ನು ಬಾಗಿಲ ಬಳಿ ಹಾಕಿದ್ದಳು. ಅದರಲ್ಲಿ ಹಸನಸಾಬ ಮಾಸ್ತರು ಆರಾಮಾಗಿ ಕುಳಿತು ಕರಿಗಡುಬು ತಿನ್ನುತ್ತಿದ್ದರು.

"ಅತ್ತಿ, ಇಲ್ಲೊಬ್ರು ಸಾವಕಾರ್ರು ಮೂಲಿ ಹುಡುಕಾಕತ್ತಾರ ನೋಡ್ರಿ" ಎಂದಳು ಸರೋಜಿನಿ.

ಮಾಸ್ತರು ಏಳಲು ಹೋದರು. "ಕೂಡ್ರಿ, ಕೂಡ್ರಿ" ಎಂದು ನಾನು ಚಾಪೆಯ ಮೇಲೆ ಕುಳಿತೆ, ಮೊದಲು ಸ್ವಲ್ಪ ಮುಖ ಊದಿಸಿಕೊಂಡೇ. ಸ್ಟೂಲಿನ ಮೇಲಿನ ಪೆಟ್ಟಿಗೆಯನ್ನು ಅಷ್ಟು ಕೆಳಗಿನಿಂದ ನಾನು ನೋಡಿದ್ದು ಅದೇ ಮೊದಲು. ಎಡಮೂಲೆಯಲ್ಲಿ, ತೇಲುವ ಬಳ್ಳಿಯ ಬೇರುಗಳ ನಡುವೆ, ಎಳ್ಳುಕಾಳಿಗೆ ಕಣ್ಣು ಬಂದಂತೆ ಕರಿ ಮರಿಗಳು ಮಿಸುಕಾಡುತ್ತಿದ್ದವು.

"ಸರೂ, ಲಗೂನ ಬಾ ಇಲ್ಲೆ" ಎಂದು ಕೂಗಿ, ಚಾಪೆಯ ಮೇಲೆ ಅವಳಿಗೊಂದಿಷ್ಟು ಜಾಗ ಬಿಟ್ಟೆ.