ಖಾಲಿ ಸೀಸೆಯ ಪರಿಮಳ

ಆ ಹೆಂಗಸಿನ ಪಕ್ಕ ಎಷ್ಟು ಹೊತ್ತು ನಿಂತರೂ ಒಂದು ವಾಸನೆಯೂ ಬರುತ್ತಿರಲಿಲ್ಲ. ಘಮಘಮ ಸೋಪಿಲ್ಲ, ಪೌಡರಿಲ್ಲ, ತಲೆಗೆ ಎಣ್ಣೆಯಿಲ್ಲ, ಚಳಿಗೆ ಕೈ ಬಿರಿದು ರಕ್ತ ಬಂದರೂ ಮುಲಾಮಿಲ್ಲ. ಇಪ್ಪತ್ತೆರಡು ವರ್ಷ ಹಾಗೇ ಬದುಕಿದಳು ಅಂದರೆ ನಂಬುತ್ತೀರಾ? ನಂಬಲೇಬೇಕು, ಅವಳ ಕೆಲಸವೇ ಅಂಥದ್ದು.

ಊರಿನ ಕೊಳಚೆಯೆಲ್ಲ ಕೊನೆಗೆ ಸೇರುವ ಕೆರೆಯಿಂದ ವರ್ಷಕ್ಕೊಮ್ಮೆ ಹನ್ನೆರಡು ಮೀನು ಪ್ರಯೋಗಾಲಯಕ್ಕೆ ಬರುತ್ತಿದ್ದವು, ಉಳಿದ ದಿನ ಬೇರೆ ಕೆರೆಗಳವು. ನಾವು ಮೈ ತೊಳೆದು ಚರಂಡಿಗೆ ಬಿಟ್ಟ ಸೋಪು, ಸೆಂಟುಗಳಲ್ಲಿರುವ ಕೆಲವು ಪರಿಮಳದ ರಾಸಾಯನಿಕಗಳಿಗೆ ನೀರು ಒಗ್ಗುವುದಿಲ್ಲ. ಎಣ್ಣೆ ಪಾತ್ರೆ ಬರೀ ನೀರಿಗೆ ಬಗ್ಗುತ್ತದೆಯೇ? ಹಾಗೆ. ಅವು ಕೊಬ್ಬು ಹುಡುಕಿಕೊಂಡು ಹೋಗಿ ಕೂರುತ್ತವೆ, ಕೂತ ಮೇಲೆ ಬೇಡದ ನೆಂಟರಂತೆ ಏಳುವ ಮಾತೇ ಇಲ್ಲ. ಹುಳವನ್ನು ತಿಂದ ಸಣ್ಣ ಮೀನು, ಅದನ್ನು ನುಂಗಿದ ದೊಡ್ಡ ಮೀನು, ಒಂದೊಂದರ ಮೈಯಲ್ಲೂ ಶೇಖರವಾಗುತ್ತ ಹೋಗುತ್ತವೆ. ಇವಳು ಮೀನನ್ನು ರುಬ್ಬಿ, ಕೊಬ್ಬು ಬೇರ್ಪಡಿಸಿ ಸೀಸೆಗೆ ತುಂಬುವಳು. ಪಕ್ಕದ ಕೋಣೆಯಲ್ಲಿ ಯಂತ್ರದವನು ಅದರೊಳಗಿನದನ್ನು ಅಳೆಯುವನು. ಅಳತೆ ಮಿತಿ ಮೀರಿದರೆ ಕೆರೆಯಲ್ಲಿ ಮೀನುಗಾರಿಕೆ ಬಂದ್.

ಹನ್ನೆರಡು ಸೀಸೆಯ ಜೊತೆ ಹದಿಮೂರನೆಯದೊಂದು ಇರುತ್ತಿತ್ತು. ಅದಕ್ಕೆ ಮೀನೇ ಇಲ್ಲ. ಕೊಬ್ಬು ಕರಗಿಸುವ ಅದೇ ದ್ರಾವಕ, ಅದೇ ಕ್ರಮ, ಅದೇ ಕೈ. ಅದರಲ್ಲಿ ಏನೂ ಕಾಣಬಾರದು. ಕಂಡರೆ ಕೊಳೆ ಬಂದದ್ದು ಕೆರೆಯಿಂದಲ್ಲ, ಕೆಲಸ ಮಾಡಿದವರ ಮೈಯ ಪರಿಮಳದಿಂದ, ಆ ಸಲದ ಅಳತೆಯೆಲ್ಲ ರದ್ದು. ಇವಳ ಖಾಲಿ ಸೀಸೆಯಲ್ಲಿ ಒಂದು ವರ್ಷವೂ ಏನೂ ಕಂಡಿರಲಿಲ್ಲ. ಅದಕ್ಕೇ ಸಹೋದ್ಯೋಗಿಗಳು ಅವಳನ್ನು 'ಖಾಲಿ ಸೀಸೆ' ಅಂತ ಛೇಡಿಸುತ್ತಿದ್ದರು. ಅವಳಿಗೆ ಅದು ಹೆಮ್ಮೆ. ಎರಡು ವರ್ಷದಲ್ಲಿ ನಿವೃತ್ತಿ, ಅಲ್ಲಿಯವರೆಗೂ ಹೀಗೇ ಇದ್ದುಬಿಟ್ಟರೆ ಸಾಕು ಅಂದುಕೊಂಡಿದ್ದಳು.

ಆದರೆ ಆ ಹೆಮ್ಮೆಗೆ ತೆತ್ತದ್ದೇನು ಕಡಿಮೆಯೇ? ಅಕ್ಕನ ಮಗಳ ಮದುವೆಯಲ್ಲಿ ಯಾರನ್ನೂ ತಬ್ಬಿಕೊಳ್ಳದೆ ದೂರ ನಿಂತಳು, ಮಾರನೇ ದಿನ ಮೀನಿನ ಕೆಲಸವಿತ್ತು. "ಅಬ್ಬಾ, ಏನು ಜಂಬ!" ಅಂದರು ನೆಂಟರು. ಆಮೇಲೆ ಕರೆಯುವುದನ್ನೇ ಬಿಟ್ಟರು. ಮನೆಯೆಂದರೆ ಒಂದು ಕೋಣೆ, ಒಂದು ಕುರ್ಚಿ, ಒಂದು ತಟ್ಟೆ. ಒಂಟಿತನ ಅವಳನ್ನು ತಿನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಈ ವರ್ಷ ಊರ ಕೆರೆಯ ಮೀನು ಬರುವ ಹಿಂದಿನ ದಿನ, ಭಾನುವಾರ, ಅಕ್ಕ ಬಂದಳು. ತಾಯಿ ಹೋದ ಮೇಲೆ ಇವಳನ್ನು ಸಾಕಿದವಳು, ಮೂರು ವರ್ಷದಿಂದ ಮುಖ ತೋರಿಸದವಳು. ತಂಗಿಯ ಬಿರಿದ ಕೈ ನೋಡಿ ಚೀಲದಿಂದ ಮುಲಾಮಿನ ಡಬ್ಬಿ ತೆಗೆದಳು.

"ಬೇಡ ಕಣಕ್ಕಾ, ನಾಳೆ ಕೆಲಸ ಇದೆ."

"ಯಾವಾಗ್ಲೂ ಇದೇ ರಾಗ! ನಾನೇನು ವಿಷಾನಾ? ಕೊಡೇ ಕೈ."

ಕೊಟ್ಟುಬಿಟ್ಟಳು. ಅಕ್ಕ ಒಂದೊಂದು ಬೆರಳನ್ನೂ ಹಿಡಿದು, ಮಗುವಿಗೆ ಹಚ್ಚಿದಂತೆ ಹಚ್ಚಿದಳು. ಕೋಣೆಯೆಲ್ಲ ಹೂವಿನ ಘಮ. ಇವಳು ಇನ್ನೊಂದು ಕೈಯನ್ನೂ ತಾನೇ ಚಾಚಿದಳು. ಅಕ್ಕ ಸಂಜೆಯ ಬಸ್ಸಿಗೆ ಹೋದ ಮೇಲೆ ಐದು ಸಲ ಕೈ ತಿಕ್ಕಿ ತೊಳೆದಳು. ಸೋಮವಾರ ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡು ಕೆಲಸ ಮುಗಿಸಿದಳು. ಆ ದಿನದ ಕೆಲಸ ಬೇರೆಯವರಿಗೆ ಒಪ್ಪಿಸಬಹುದಿತ್ತು, ಹೆಮ್ಮೆ ಬಿಡಬೇಕಲ್ಲ.

ಬುಧವಾರ ಯಂತ್ರದವನು ಮೆಲ್ಲಗೆ ಕರೆದ. ಪರದೆಯ ಮೇಲೆ ಖಾಲಿ ಸೀಸೆಯ ಗೆರೆ ಸಪಾಟಾಗಿ ಬಂದು, ಒಂದು ಕಡೆ ಚೂಪಾಗಿ ಎದ್ದು ನಿಂತಿತ್ತು.

"ಮೇಡಂ, ಈ ಸೀಸೆ ಒಡೀತು ಅಂತ ಬರೆದುಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಮೀನಿನ ಅಳತೆ?"

"ಅದೂ ಏರಿದೆ. ಮಿತಿ ದಾಟಿದೆ. ಕೆರೆ ಬಂದ್ ಆಗುತ್ತೆ, ಅಷ್ಟೆ."

ಅಷ್ಟೆಯಂತೆ! ಆ ಕೆರೆ ನಂಬಿದ ಮನೆಗಳ ಒಲೆ ಆರುವುದು ಅವನಿಗೆ ಅಷ್ಟೆ. ನಿಜ ಬರೆದರೆ ಇವಳು ಮತ್ತೆ ಕೊಬ್ಬು ತೆಗೆಯುವ ಕೋಣೆಗೆ ಕಾಲಿಡುವಂತಿಲ್ಲ, ನಿಯಮ ಹಾಗಿತ್ತು. ಇವಳಿಗೆ ಬರುವ ಕೆಲಸ ಇರುವುದು ಅದೊಂದೇ ಕೋಣೆಯಲ್ಲಿ. ಅರ್ಧ ಗಂಟೆ ಪೆನ್ನು ಹಿಡಿದು ಕೂತಳು. ಆಮೇಲೆ 'ಕಾರಣ' ಅನ್ನುವ ಕಡೆ ಬರೆದಳು: ನನ್ನ ಕೈ. ಹಿಂದಿನ ದಿನ ಅಕ್ಕ ಮುಲಾಮು ಹಚ್ಚಿದ್ದರು.

ಮೇಲಧಿಕಾರಿ ಬೈಯಲಿಲ್ಲ. ಪ್ರತಿ ಮೀನಿನ ಅರ್ಧ ಭಾಗ ಶೀತಪೆಟ್ಟಿಗೆಯಲ್ಲಿ ಉಳಿದಿತ್ತು, ಸಹೋದ್ಯೋಗಿ ಇನ್ನೊಬ್ಬಳು ಅದರಲ್ಲಿ ಪರೀಕ್ಷೆ ಮತ್ತೆ ಮಾಡಿದಳು. ಅಳತೆ ಮಿತಿಯೊಳಗೇ ಬಂತು, ಕೆರೆ ಉಳಿಯಿತು. ಇವಳನ್ನು ಹಳೇ ಕಡತಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಯಾರು ಏನು ಹಚ್ಚಿಕೊಂಡರೂ ಕೇಳುವವರಿಲ್ಲ.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಇನ್ನು ಯಾವಾಗ ಬೇಕಾದ್ರೂ ಬಾ. ನಂಗೆ ಯಾವ ಕಟ್ಟುಪಾಡೂ ಇಲ್ಲ. ನಾಳೆನೇ ಬರ್ತೀಯಾ?"

"ಅಯ್ಯೋ, ನಾಳೆ ಎಲ್ಲಿ ಆಗುತ್ತೆ? ಮೊಮ್ಮಗು ನನ್ನ ಬಿಟ್ಟು ಇರಲ್ಲ ಕಣೇ. ನೋಡೋಣ, ಬೇಸಿಗೆಗೆ. ಡಬ್ಬಿ ಅಲ್ಲೇ ಬಿಟ್ಟು ಬಂದಿದೀನಿ ನೋಡು, ಹಚ್ಕೋ."

ಡಬ್ಬಿ ಕಿಟಕಿಯಲ್ಲೇ ಇತ್ತು. ಮುಚ್ಚಳ ತೆಗೆದು, ಬಲಗೈಯಿಂದ ಎಡಗೈಗೆ ಹಚ್ಚಿದಳು, ಎಡಗೈಯಿಂದ ಬಲಗೈಗೆ. ಘಮ ಅದೇ. ಅಕ್ಕ ಹಚ್ಚಿದ ಹಾಗಿರಲಿಲ್ಲ.