ಶೀಗಿ ಹುಣ್ಣಿಮೆಗೆ ಬ್ರೇಕು ಹಿಡಿದ ಗಾಡಿ

ನಮ್ಮ ಓಣಿಗೆ ಆಗಿನ್ನೂ ಸಿಮೆಂಟು ರಸ್ತೆ ಬಂದಿರಲಿಲ್ಲ. ನಮ್ಮೂರು ಹತ್ತಿಮತ್ತೂರಿನಲ್ಲಿ ಯಾರ ಮನೆಯ ಗಾಡಿ ಬಂತೆಂದು ಒಳಗೆ ರೊಟ್ಟಿ ಬಡಿಯುತ್ತ ಕುಳಿತ ಹೆಂಗಸರೂ ಸಪ್ಪಳದಿಂದಲೇ ಹೇಳುತ್ತಿದ್ದ ಕಾಲ ಅದು. ನಮ್ಮ ಗಾಡಿಯನ್ನು ಗುರುತಿಸಲು ಅಷ್ಟು ಕಿವಿಯೂ ಬೇಕಿರಲಿಲ್ಲ. ಓಣಿಯ ಬಾಯಿಗೆ ಬರುತ್ತಲೇ ಅಪ್ಪ ಹಾರ್ನು ಒತ್ತಿ ಹಿಡಿಯುತ್ತಿದ್ದ. ಹುಡುಗರು, ಕೋಳಿ, ಕುರಿಮರಿ ಎಲ್ಲ ಕಟ್ಟೆ ಹತ್ತುತ್ತಿದ್ದವು. ಗಾಡಿ ನಮ್ಮ ಮನೆ ದಾಟಿ, ಪಕ್ಕದ ಮನೆಯನ್ನೂ ದಾಟಿ, ಓಣಿಯ ಕೊನೆಯಲ್ಲಿದ್ದ ನಮ್ಮ ತಿಪ್ಪೆಯ ಗೊಬ್ಬರಕ್ಕೆ ಮೂತಿ ಒತ್ತಿ ನಿಲ್ಲುತ್ತಿತ್ತು. ಅಪ್ಪ ಏನೂ ಆಗಿಲ್ಲವೆಂಬಂತೆ ಇಳಿದು, ಧೋತರ ಝಾಡಿಸಿಕೊಂಡು ಮನೆಯತ್ತ ನಡೆದು ಬರುತ್ತಿದ್ದ.

ಅದೊಂದು ಬಣ್ಣ ಮಾಸಿದ ನೀಲಿ ಪಿಕಪ್. ನಮ್ಮ ಮೆಣಸಿನಕಾಯಿ, ಸವಣೂರಿನ ತೋಟದವರ ವೀಳ್ಯದೆಲೆ ಎಲ್ಲ ಅದರಲ್ಲೇ ಹುಬ್ಬಳ್ಳಿಗೆ ಹೋಗುತ್ತಿದ್ದವು. ಎಂಜಿನ್ನಿಗೆ ಹೆಸರಿಡುವಂತಿರಲಿಲ್ಲ. ಬ್ರೇಕು ಮಾತ್ರ ಒಮ್ಮೆ ತುಳಿದರೆ ಕಾಲು ತಳ ಮುಟ್ಟುತ್ತಿತ್ತು. ಮತ್ತೆ ಮತ್ತೆ ತುಳಿದರೆ ಇಷ್ಟಿಷ್ಟೇ ಹಿಡಿಯುತ್ತಿತ್ತು. ನಿಂತ ಕೂಡಲೇ ಹಿಂದಿನಿಂದ ಜಿಗಿದು ಗಾಲಿಗೆ ಕಲ್ಲು ಕೊಡುವುದು ನನ್ನ ಕೆಲಸ. ಲಂಗ ಎತ್ತಿಕಟ್ಟಿ ನಾನು ಜಿಗಿಯುವುದನ್ನು ನೋಡಿ ಓಣಿಯ ಹುಡುಗರಿಗೆಲ್ಲ ಹೊಟ್ಟೆಕಿಚ್ಚು.

ಆ ವರ್ಷ ದಸರೆಯ ಸೂಟಿಯಲ್ಲಿ ಅವ್ವ ತವರಿನಿಂದ ಒಂದು ಗಡಿಗೆ ಮೊಸರು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಮುಂದಿನ ಸೀಟಿನಲ್ಲಿ ಬಂದಳು. ಗಾಡಿ ಎಂದಿನಂತೆ ತಿಪ್ಪೆಗೆ ಗುದ್ದಿ ನಿಂತಿತು. ಅವ್ವ ಇಳಿದಾಗ ಹುಬ್ಬಿನಿಂದ ಸೀರೆಯ ಅಂಚಿನವರೆಗೆ ಬೆಳ್ಳಗಾಗಿದ್ದಳು. ಓಣಿಯೆಲ್ಲ ನಕ್ಕಿತು. ಅವ್ವ ನಗಲಿಲ್ಲ.

ಅವಳ ಸಿಟ್ಟಿಗೆ ಮೊಸರೊಂದೇ ಕಾರಣವಲ್ಲ. ಅವ್ವನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹಿರೇಬೆಂಡಿಗೇರಿಯಲ್ಲಿದ್ದ ಆಯಿ ಮಳೆಗಾಲದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಳು. ಎಲುಬು ಕೂಡಿತ್ತು, ಆದರೆ ಹೊಲದವರೆಗೆ ನಡೆಯುವ ಶಕ್ತಿ ಬಂದಿರಲಿಲ್ಲ. ಎತ್ತಿನ ಚಕ್ಕಡಿಯ ಕುಲುಕಾಟವನ್ನು ಆ ಕಾಲು ತಡೆಯುತ್ತಿರಲಿಲ್ಲ. ಶೀಗಿ ಹುಣ್ಣಿಮೆಗೆ ಬೆಳೆ ತುಂಬಿದ ಭೂಮಿಗೆ ಸೀಮಂತ ಮಾಡಿ, ಕಡಬು, ರೊಟ್ಟಿ ಕಲಸಿದ ಎಡೆಯನ್ನು ಚರಗವೆಂದು ಹೊಲಕ್ಕೆ ಚೆಲ್ಲುವುದನ್ನು ಆಯಿ ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ತಪ್ಪಿಸಿರಲಿಲ್ಲ. "ಈ ವರ್ಷ ನಾ ಬರೂದಾಗಾಂಗಿಲ್ಲ ಬಿಡು," ಎಂದು ಅವ್ವನ ಮುಂದೆ ಕಣ್ಣೀರು ತೆಗೆದಿದ್ದಳಂತೆ.

"ನನ್ನ ಗಾಡಿ ಐತೆಲ್ಲ, ಮುಂದ ಕುಂದ್ರಿಸಿಕೊಂಡು ಕರ್ಕೊಂಡು ಹೋಗ್ತೇನಿ," ಎಂದ ಅಪ್ಪ.

"ನನ್ನ ಮ್ಯಾಲ ಮಸರು ಚೆಲ್ಲಿದ್ರ ತೊಳ್ಕೊಂಡೇನಿ. ನಮ್ಮವ್ವನ ಕಾಲು ಇನ್ನೊಮ್ಮೆ ಮುರಿದ್ರ ಯಾರು ಕೂಡಸ್ತಾರ? ಹೊಲದ ಹಾದೀಗೆ ಆ ಇಳಕಲು ಬ್ಯಾರೆ ಐತಿ, ಕೆಳಗ ಹಳ್ಳ. ಬ್ರೇಕು ಹತ್ತೂತನಕಾ ಆಕೀನ್ನ ಅದರಾಗ ಕುಂದ್ರಸಾಕ ನಾ ಬಿಡಾಂಗಿಲ್ಲ."

"ಬ್ರೇಕು ಹತ್ತತಾವಲ್ಲ!"

"ತಿಪ್ಪಿ ಬಂದ್ರ ಹತ್ತತಾವು."

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನೂ ಹತ್ತಿಸಿಕೊಂಡು ಸವಣೂರಿಗೆ ಹೊರಟ.

ಖಾದರ ಚಾಚಾನ ಗ್ಯಾರೇಜು ಎಂದರೆ ಒಂದು ಬೇವಿನ ಮರ, ನಾಲ್ಕು ತಗಡು. ಪಕ್ಕದಲ್ಲೇ ಖಾರಾ ಕರಿಯುವ ಅಂಗಡಿ. ಕಾದ ಎಣ್ಣೆ, ಹುರಿದ ಬೆಳ್ಳುಳ್ಳಿ, ಗ್ರೀಸು ಎಲ್ಲ ಕೂಡಿದ ಆ ವಾಸನೆ ನನಗೆ ಸ್ವರ್ಗದ್ದೇ ಅನ್ನಿಸುತ್ತಿತ್ತು. ಚಾಚಾ ದೊಡ್ಡ ಹೊಟ್ಟೆಯ ನಗೆಗಾರ. ಗಾಡಿಯನ್ನು ತಾನೇ ಬಯಲಿನಲ್ಲಿ ಒಂದು ಸುತ್ತು ಹೊಡೆಸಿದ. ಮರದ ಹತ್ತಿರ ನಿಲ್ಲಬೇಕಾದದ್ದು ಮರ ದಾಟಿ ಎಷ್ಟೋ ದೂರ ಹೋಗಿ ನಿಂತಿತು.

"ಏನ್ರಿ ಗೌಡ್ರ," ಎಂದು ಇಳಿಯುತ್ತ ಕೇಳಿದ, "ಇದನ್ನ ನೀವು ಹೊಡ್ಕೊಂಡು ಬಂದ್ರೋ, ದೇವರ ಮ್ಯಾಲ ಭಾರ ಹಾಕಿ ಬಿಟ್ಕೊಂಡು ಬಂದ್ರೋ?"

ಹಿಂದಿನ ಗಾಲಿ ಬಿಚ್ಚಿ, ಒಳಗಿನ ಡ್ರಮ್ಮಿಗೆ ಸುತ್ತಿಗೆಯಿಂದ ಹಗುರಾಗಿ ಬಡಿದು ಕಳಚಿದ. ಕಪ್ಪು ಪುಡಿ ಎಣ್ಣೆಯಲ್ಲಿ ಕಲಸಿ ಕಾಡಿಗೆಯ ಹಾಗೆ ಮೆತ್ತಿಕೊಂಡಿತ್ತು. "ನೋಡ್ರಿಲ್ಲೆ, ಬ್ರೇಕಿನ ಸಿಲಿಂಡರು ಸೋರಿ, ಡ್ರಮ್ಮು ಒತ್ತಿ ಹಿಡಿಯೂ ಲೈನರು ತೋಯ್ದಾವು. ಎಣ್ಣಿ ಕೈಲೆ ಗಡಗಿ ಹಿಡದ್ರ ಜಾರಾಂಗಿಲ್ಲೇನು? ಹಂಗ ಇದು." ಇನ್ನೊಂದು ಗಾಲಿಯದೂ ಅದೇ ಕಥೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸಾಮಾನು ಬರಬೇಕಿತ್ತು. ಗಾಡಿ ಅಲ್ಲೇ ಬಿಟ್ಟು ಬಸ್ಸಿಗೆ ಊರಿಗೆ ಬಂದು, ಮರುದಿನ ಮತ್ತೆ ಹೋದೆವು. ಅಷ್ಟರಲ್ಲಿ ಚಾಚಾ ಡ್ರಮ್ಮುಗಳನ್ನು ಉಜ್ಜಿ ಉಜ್ಜಿ ತಾಟಿನ ಹಾಗೆ ಹೊಳೆಯಿಸಿ, ಹೊಸ ಲೈನರು, ಹೊಸ ಸಿಲಿಂಡರು ಕೂಡಿಸಿದ್ದ.

ಇನ್ನು ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಒಬ್ಬರು ಬ್ರೇಕು ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಹತ್ತಿರದ ತಿರುಪು ಸಡಿಲಿಸಬೇಕು. ಆಗ ಹಳೆಯ ಬ್ರೇಕ್ ಆಯಿಲ್ಲು ಗುಳ್ಳೆ ಗುಳ್ಳೆಯಾಗಿ ಬಾಟಲಿಗೆ ಇಳಿಯುತ್ತದೆ. ತಿರುಪು ಬಿಗಿಯುವವರೆಗೆ ಮೇಲಿನವರು ಕಾಲು ಎತ್ತಬಾರದು. ಚಾಚಾನ ಕೈಯಾಳು ಬಂದಿರಲಿಲ್ಲ, ಅಪ್ಪನೇ ಕುಳಿತ. ಆದರೆ ಅಪ್ಪನಿಗೆ ತಾಳ್ಮೆ ಎಂಬುದೇ ಇರಲಿಲ್ಲ. ತುಳಿಯುವುದು, ಬಿಡುವುದು, ಬಗ್ಗಿ "ಆತೇನು?" ಎಂದು ಕೇಳುವುದು.

ಚಾಚಾ ಕೆಳಗಿನಿಂದಲೇ ಕೂಗಿದ: "ಬಿಡು ಅನ್ನೂತನಕಾ ಬಿಡಬ್ಯಾಡ್ರಿ ಅಂದ್ರ ಬಿಟ್ಟೇ ಬಿಡ್ತೀರಲ್ರಿ! ಹೋದ ಗಾಳಿ ಮತ್ತ ಒಳಗ ಬಂತು. ನೀವು ಇಳೀರಿ. ಆ ಹುಡುಗೀನ್ನ ಕುಂದ್ರಸ್ರಿ."

ನನ್ನ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಬೆನ್ನಿಗೆ ಮಡಿಚಿದ ಕೌದಿ ಕೊಟ್ಟು, ಸ್ಟಿಯರಿಂಗ್ ಹಿಡಿದು ಎರಡೂ ಕಾಲಿನಿಂದ ಒತ್ತಿದೆ.

"ಒತ್ತು ಬೇಟಿ!"

"ಒತ್ತೇನಿ!"

"ಹಿಡಿ!"

"ಹಿಡಿದೇನಿ ಚಾಚಾ!"

"ಈಗ ಬಿಡು!"

ಖಾರಾದ ಅಂಗಡಿಯವನು ಕರಿಯುವ ಝಾರಾ ಕೈಯಲ್ಲಿ ಹಿಡಿದೇ ಹೊರಗೆ ಬಂದ. ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನಿಂತರು. ಚಾಚಾ "ಹಿಡಿ" ಎಂದರೆ ಅವರೂ "ಹಿಡಿದೇನಿ" ಎನ್ನತೊಡಗಿದರು. ತುಟಿ ಕಚ್ಚಿ ಹಿಡಿದೆ. ಆ ನಾಲ್ಕು ಗಾಲಿಯೂ ನನ್ನ ಕಾಲಿನ ಮೇಲೆಯೇ ನಿಂತಿವೆಯೆಂಬ ಹೆಮ್ಮೆ. ಕೊನೆಗೆ "ಗುಳ್ಳಿ ನಿಂತೂವು!" ಎಂದ ಚಾಚಾ. ಅಂಗಡಿಯವನು ಬಿಸಿ ಖಾರಾ, ಚುರುಮುರಿ ಪೇಪರಿನಲ್ಲಿ ಸುತ್ತಿ ನನಗೇ ಮೊದಲು ಕೊಟ್ಟ.

ಅಪ್ಪ ಹೊರಡಲು ಎದ್ದರೆ ಚಾಚಾ ತಡೆದ. "ತಡೀರಿ, ಇನ್ನೊಂದು ನೋಡೂದೈತಿ. ಬೇಟಿ, ಕಾಲಿಂದ ಒತ್ತಿ ಹಿಡಿ. ಅಪ್ಪ ಚಾವಿ ತಿರುವಿದ ಮ್ಯಾಲ ಬ್ರೇಕು ತಾನಾಗೇ ಒಂಚೂರು ಕೆಳಗ ಸರೀತೈತೇನು ಹೇಳು."

ಎಂಜಿನ್ ಗುಡುಗಿತು. "ಇಲ್ಲ ಚಾಚಾ, ಕಲ್ಲಿನಂಗ ಐತಿ."

ಚಾಚಾ ಬಾನೆಟ್ ಎತ್ತಿ ಕೈ ತೂರಿಸಿ, ಬಿರುಕು ಬಿಟ್ಟ ಒಂದು ರಬ್ಬರು ಪೈಪನ್ನು ಎಳೆದು ತೋರಿಸಿದ. "ಕಾಲಿನ ಜೋರಿಗೆ ಎಂಜಿನ್ನಿನ ಜೋರು ಕೂಡಿಸೂದು ಇದ. ಹರದೈತಿ ನೋಡ್ರಿ." ಹೊಸ ಪೈಪು ಹಾಕಿ ಮತ್ತೆ ಚಾಲೂ ಮಾಡಿಸಿದ. ಈ ಸಲ ನನ್ನ ಪಾದದ ಮೇಲೆ ಯಾರೋ ಮೆತ್ತಗೆ ಕಾಲಿಟ್ಟು ಒತ್ತಿದ ಹಾಗೆ ಬ್ರೇಕು ಕೆಳಗಿಳಿಯಿತು. "ಸರೀತು! ಸರೀತು!" ಎಂದು ನಾನು ಸೀಟಿನ ಮೇಲೆಯೇ ಕುಣಿದುಬಿಟ್ಟೆ.

ಊರಿಗೆ ಬಂದಾಗ ರೂಢಿಯಂತೆ ಎಲ್ಲರೂ ಕಟ್ಟೆ ಹತ್ತಿದರು. ಗಾಡಿ ನಮ್ಮ ಬಾಗಿಲ ಮುಂದೆಯೇ ಗಕ್ಕನೆ ನಿಂತಿತು. ಹುಡುಗರ ಮುಖ ಸಪ್ಪಗಾಯಿತು. ಅವ್ವ ಅಷ್ಟಕ್ಕೇ ಒಪ್ಪುವವಳಲ್ಲ. ಒಳಗಿನಿಂದ ನೀರು ತುಂಬಿದ ಕೊಡ ತಂದು ಓಣಿಯ ನಡುವೆ ಇಟ್ಟಳು.

"ಅಲ್ಲಿಂದ ಜೋರು ಬರ್ರಿ. ಇದರ ಮುಂದ ನಿಂದರಸ್ರಿ."

ಅಪ್ಪ ಹಿಂದೆ ಹೋಗಿ ಜೋರಾಗಿ ಬಂದ. ನಾನು ಕಣ್ಣು ಮುಚ್ಚಿದೆ. ತೆಗೆದಾಗ ಕೊಡಕ್ಕೂ ಗಾಡಿಗೂ ಒಂದು ಗೇಣು ಅಂತರವಿತ್ತು. ಅವ್ವ "ಹೂಂ" ಎಂದಳು, ಕೊಡ ಎತ್ತಿಕೊಂಡು ಒಳಗೆ ಹೋದಳು. ಸಂಜೆ ಒಳಗಿನಿಂದ ಕಡಬಿನ ಹೂರಣಕ್ಕೆ ಬೇಳೆ ಕುದಿಯುವ ವಾಸನೆ ಬಂತು.

ಹುಣ್ಣಿಮೆಯ ದಿನ ಹಿರೇಬೆಂಡಿಗೇರಿಯಲ್ಲಿ ಆಯಿ ಹಸಿರು ಇಳಕಲ್ಲ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತಳು, ನಡುವೆ ನಾನು. ಹಿಂದೆ ಅವ್ವ, ತವರಿನ ಹೆಂಗಸರು, ರೊಟ್ಟಿ, ಕಡಬು, ಪುಂಡಿಪಲ್ಯದ ಬುಟ್ಟಿಗಳು. ಹೊಲದ ಹಾದಿಯ ಇಳಕಲಿನ ಅರ್ಧಕ್ಕೆ ಬಂದಿದ್ದೆವು, ಒಂದು ಎಮ್ಮೆ ಜಾಲಿಗಿಡದ ಮರೆಯಿಂದ ಬಂದು ಹಾದಿಗಡ್ಡ ನಿಂತಿತು. ಹಿಂದಿನಿಂದ ಅವ್ವ "ಅಯ್ಯ ನಮ್ಮವ್ವ!" ಎಂದು ಚೀರಿದಳು. ಅಪ್ಪ ಬ್ರೇಕು ತುಳಿದ. ಗಾಡಿ ಅತ್ತಿತ್ತ ಜಾರದೆ, ಇದ್ದಲ್ಲೇ ನಿಂತಿತು. ಎಮ್ಮೆ ನಮ್ಮನ್ನೊಮ್ಮೆ ನೋಡಿ, ಮೆಲುಕು ಹಾಕುತ್ತ ಹೋಯಿತು.

"ನಿಂತಿತೇನ್ರಿ ಅಳಿಯಂದಿರ?" ಕೇಳಿದಳು ಆಯಿ.

"ನಿಂತಿತ್ರಿ ಅತ್ತಿ."

"ಇನ್ನೊಮ್ಮೆ ನಿಂದರಸ್ರಿ, ನೋಡೂಣು."

ಅಪ್ಪ ಸ್ವಲ್ಪ ಇಳಿಸಿ ನಿಲ್ಲಿಸಿದ. ಆಯಿ ಬೊಚ್ಚುಬಾಯಿ ತೆರೆದು ನಕ್ಕು "ಮತ್ತೊಮ್ಮೆ" ಎಂದಳು. ಹಳ್ಳದವರೆಗೂ ಹೀಗೇ. ನಿಂತಾಗಲೆಲ್ಲ ಹಿಂದೆ ಹೆಂಗಸರು ಒಬ್ಬರ ಮೇಲೊಬ್ಬರು ಒರಗುತ್ತಿದ್ದರು. "ಏನ್ ಹುಡುಗಾಟಕಿ ಹಚ್ಚೀರಿ, ಬುಟ್ಟಿ ಉಳ್ಳತಾವು!" ಎಂದು ಬೈಯಲು ಶುರುಮಾಡಿದ ಅವ್ವ, ಹಳ್ಳ ಮುಟ್ಟುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಅವ್ವ ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹೊಲದಲ್ಲಿ ಆಯಿ ನನ್ನ ಹೆಗಲ ಮೇಲೆ ಕೈಯೂರಿ ಬದುವಿನವರೆಗೆ ನಡೆದಳು. ಚರಗವನ್ನು ಮುಷ್ಟಿ ತುಂಬಿ ಹತ್ತಿ ಗಿಡಗಳ ಮೇಲೆ ಚೆಲ್ಲಿ "ಹುಲ್ಲುಲ್ಲಿಗ್ಯೋ" ಎಂದು ಚರಗದ ಕೂಗು ಹಾಕಿದಳು. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ! ಸುತ್ತಲಿನ ಹೊಲಗಳಿಂದ ಜನ ತಿರುಗಿ ಕೂಗಿದರು.

ಈಗ ಹುಬ್ಬಳ್ಳಿಯಲ್ಲಿ ನಾನೇ ಕಾರು ಓಡಿಸುತ್ತೇನೆ. ಬ್ರೇಕು ಸವೆದರೆ ಶೋರೂಮಿನವರಿಗೆ ಒಪ್ಪಿಸಿ ಗಾಜಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂರುತ್ತೇನೆ. ಗಾಡಿಯ ಕೆಳಗೆ ಮಲಗಿದವರು ಯಾರೋ, ಅವರ ಮುಖ ಹೇಗಿದೆಯೋ ಗೊತ್ತಾಗುವುದಿಲ್ಲ. ನೀಲಿ ಪಿಕಪ್ಪು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಆಯಿಯೂ ಇಲ್ಲ, ಖಾದರ ಚಾಚಾನೂ ಇಲ್ಲ.

ಹೋದ ಶೀಗಿ ಹುಣ್ಣಿಮೆಗೆ ಎಲ್ಲರೂ ಹಿರೇಬೆಂಡಿಗೇರಿಗೆ ಹೋಗಿದ್ದೆವು. ಹೊಲದ ಹಾದಿ ಡಾಂಬರಾಗಿದೆ, ಹಳ್ಳಕ್ಕೆ ಸೇತುವೆಯಾಗಿದೆ. ಕಾರಿನ ಕಿಟಕಿ ಏರಿಸಿತ್ತು, ಮಗಳು ಮೊಬೈಲಿನಲ್ಲಿ ಮುಳುಗಿದ್ದಳು. ಅಪ್ಪ ನಿದ್ದೆ ಹೋಗಿದ್ದ. ಹೊಲದ ಹತ್ತಿರ ನಿಲ್ಲಿಸಿದಾಗ ಹಿಂದಿನ ಸೀಟಿನಿಂದ ಅವ್ವ ಕೇಳಿದಳು:

"ಇಳಕಲು ಬಂತೇನ?"

"ದಾಟಿ ಬಂದೇವಿ ಬೇ."

"ಹೌದ? ಗೊತ್ತಽ ಆಗ್ಲಿಲ್ಲಲ್ಲ," ಎಂದ ಅವ್ವ ಕೆಳಗಿಳಿದು, ಬುಟ್ಟಿ ಇಳಿಸುವುದನ್ನೂ ಮರೆತು, ಬಂದ ಹಾದಿಯನ್ನೇ ನೋಡುತ್ತ ಬಹಳ ಹೊತ್ತು ನಿಂತುಬಿಟ್ಟಳು.