ಕಿಟಕಿ ಸೀಟಿಗೊಂದು ಟವೆಲ್

ವಿಮಾನಯಾನ ಆಡಳಿತ ಓದುವಾಗ ತರಬೇತಿಗೆಂದು ನಮ್ಮನ್ನು ವಿಮಾನ ನಿಲ್ದಾಣಕ್ಕೆ ಹಾಕಿದ್ದರು. ವಯಸ್ಸಾದವರನ್ನು ಸೀಟಿನ ತನಕ ಮುಟ್ಟಿಸುವುದು ನನ್ನ ಕೆಲಸ. ಒಂದು ದಿನ ಇಳಕಲ್ ಸೀರೆಯುಟ್ಟ ಅಜ್ಜಿಯೊಬ್ಬರು ನನ್ನ ಕೈಗೊಂದು ಟವೆಲ್ ಕೊಟ್ಟು, "ತಂಗಿ, ನೀ ಮೊದಲ ಓಡಿಹೋಗಿ ನನ್ನ ಸೀಟಿನ ಮ್ಯಾಲ ಇದನ್ನ ಒಗದ ಜಾಗಾ ಹಿಡದ ಬಾ," ಅಂದರು.

ನನಗೆ ನಮ್ಮೂರು ಹುನಗುಂದದ ಬಸ್ ಸ್ಟ್ಯಾಂಡ್ ನೆನಪಾಯಿತು. ಬಸ್ಸು ಬಂದು ನಿಂತ ಕೂಡಲೇ ಅಪ್ಪ ನನ್ನನ್ನೆತ್ತಿ ಕಿಟಕಿಯಿಂದ ಒಳಗೆ ಬಿಡುತ್ತಿದ್ದ. ನಾನು ಅವನ ಟವೆಲ್ ಹಾಸಿ, ರಾಣಿಯ ಹಾಗೆ ಸೀಟು ಕಾಯುತ್ತಿದ್ದೆ.

ಆದರೂ ಓದಿದ ಸೊಕ್ಕು ನೋಡಿ. "ಇಲ್ಲಿ ಸೀಟಿಗೆ ನಂಬರ್ ಐತಿ ಯವ್ವಾ, ಬ್ಯಾರೆ ಯಾರೂ ಕುಂದರೂದಿಲ್ಲ," ಅಂದು ಟವೆಲ್ ವಾಪಸ್ ಕೊಟ್ಟೆ.

"ನಂಬರ್ ಏನ್ ಬಾಯಿ ಬಿಟ್ಟು ಹೇಳತೈತೇನು?" ಅಂದರು.

ಒಳಗೆ ಹೋದರೆ ಅಜ್ಜಿಯ ಕಿಟಕಿ ಸೀಟಿನಲ್ಲಿ ಕೋಟು ತೊಟ್ಟವನೊಬ್ಬ ಕಣ್ಣು ಮುಚ್ಚಿ ಕೂತಿದ್ದ. ಅವನನ್ನು ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅಜ್ಜಿ ಬೈಯಲಿಲ್ಲ. ಆರಾಮಾಗಿ ಕೂತು, ಟವೆಲ್ ಮಡಚಿ ಮತ್ತೆ ನನ್ನ ಕೈಗಿಟ್ಟರು.

"ಇಟ್ಕೋ ತಂಗಿ, ನಿನ್ನ ನೌಕರಿಗೆ ಬೇಕಾಗತೈತಿ."

ಪದವಿ ಪತ್ರ ಊರಿನ ಟ್ರಂಕಿನಲ್ಲಿದೆ. ಟವೆಲ್ ಇವತ್ತಿಗೂ ನನ್ನ ಡ್ಯೂಟಿ ಬ್ಯಾಗಿನಲ್ಲಿದೆ.